ಸರದಿಯ ವಚನ

ವಿಲ್ಸನ್ ಗಾರ್ಡನ್ನಿನ ಹತ್ತನೇ ಅಡ್ಡರಸ್ತೆ,
ಹಿಟ್ಟಿನ ಗಿರಣಿಯ ಮೇಲಿನ ಮಹಡಿ, ಗುರುವಾರ ಸಂಜೆ ಏಳು.
ಗಿರಣಿ ನಿಂತರೂ ನೆಲದಲ್ಲಿನ್ನೂ ಸಣ್ಣ ನಡುಕ,
ಎಸ್ತೇರಮ್ಮ ಟೀಚರ ಚಾಪೆಗೆ ರಾಗಿಯ ವಾಸನೆ.
ಒಬ್ಬರಿಗೊಂದು ವಚನ, ಎಡದಿಂದ ಬಲಕ್ಕೆ,
ಇದು ನಮ್ಮ ಪದ್ಧತಿ.

ಇನ್ನೊಂದೂ ಇದೆ, ಅದನ್ನು ಯಾರೂ ಬಾಯಿಬಿಡುವುದಿಲ್ಲ:
ಪುಟ ತೆರೆದ ಕೂಡಲೇ ಎಲ್ಲರ ಹೆಬ್ಬೆರಳೂ
ಗೆಣ್ಣುಗಳ ಮೇಲೆ ಓಡುತ್ತದೆ, ತನಗೆ ಯಾವುದು ಎಂದು.
ಇಪ್ಪತ್ತಮೂರನೆಯದು ಟೀಚರದು,
ಮುಂದಿನದು ಬಸ್ ಡಿಪೋದ ಜ್ಞಾನಮಿತ್ರನದು,
ಆಮೇಲೆ ಅವನ ಮಗಳು ಶೀಬಾ,
ಆಮೇಲೆ ಓದು ಬಾರದ ಲೇಯಮ್ಮ,
ಶೀಬಾ ಹೇಳಿಕೊಟ್ಟಂತೆ ತುಂಡು ತುಂಡಾಗಿ
ಕಡಲೆ ಜಗಿದ ಹಾಗೆ ಒಪ್ಪಿಸುತ್ತಾಳೆ.
ಆಮೇಲೆ ನಾನು.
ನನ್ನ ಪಕ್ಕ ವಿನೋದಿನಿ.

ವಿನೋದಿನಿ ನನಗೆ ಕೊಡಬೇಕಾದ್ದು ಮೂವತ್ತೆರಡು ಸಾವಿರ.
ನಾನು ನಡೆಸಿದ ಚೀಟಿಯನ್ನು ಮೂರನೇ ತಿಂಗಳಿಗೇ ಎತ್ತಿ
ಏಳನೆಯದಕ್ಕೆ ಕಟ್ಟುವುದು ನಿಲ್ಲಿಸಿದಳು.
ಉಳಿದವರಿಗೆ ನಾನು ಬಳೆ ಅಡವಿಟ್ಟು ಕೊಟ್ಟೆ.
ಬರಿಗೈಯಲ್ಲಿ ಬಂದ ಗುರುವಾರ
ಲೇಯಮ್ಮ ಮಾತ್ರ ಮಣಿಕಟ್ಟು ಹಿಡಿದು ನೋಡಿದಳು,
ಏನೂ ಕೇಳಲಿಲ್ಲ.

ಆ ವಾರದ ಓದು, ಸಾಲಗಾರನ ಸಾಮತಿ.
ಎಣಿಸಿದೆ. ದಣಿ ಮರುಗಿ ಸಾಲ ಬಿಡುವ ವಚನ ನನ್ನದು.
ಬಿಡಿಸಿಕೊಂಡವನು ಹೊರಗೆ ಹೋಗಿ
ತನಗೆ ಪುಡಿಗಾಸು ಕೊಡಬೇಕಾದವನ ಕುತ್ತಿಗೆ ಹಿಸುಕುವುದು ಅವಳದು.
ಓದಲಿ, ಎಂದುಕೊಂಡೆ,
ಹಿಸುಕುವ ಕೈಯ ಬಿಸಿ ಅವಳಿಗೂ ತಾಕಲಿ.

ಶೀಬಾ ಓದುತ್ತಿರುವಾಗ ಬಾಗಿಲು ತಳ್ಳಿಕೊಂಡು ನೆಹೆಮೀಯ ಬಂದ,
ಎಟಿಎಂ ಕಾವಲಿನ ನೀಲಿ ಅಂಗಿ, ಕಂಕುಳಲ್ಲಿ ಊಟದ ಡಬ್ಬಿ.
"ಬದಲಿ ಆಳು ಬರೋದು ತಡ ಆಯ್ತು" ಅನ್ನುತ್ತ
ಲೇಯಮ್ಮನಿಗೂ ನನಗೂ ನಡುವಿನ ಗೇಣು ಜಾಗದಲ್ಲಿ
ಕೂತೇಬಿಟ್ಟ.
ಬೆವರೊರೆಸಿ, ನನ್ನ ಪುಟ ಇಣುಕಿ,
ದಣಿ ಮರುಗಿದ್ದನ್ನು ಅವನೇ ಓದಿಬಿಟ್ಟ.

ಕುತ್ತಿಗೆ ನನ್ನ ಪಾಲಿಗೆ ಬಂತು.
ಓದಿದೆ. ದನಿ ಎಲ್ಲೂ ತೊಡರಲಿಲ್ಲ, ಅದೇ ನಾಚಿಕೆ.
ತಿಂಗಳುಗಟ್ಟಲೆ ಫೋನಿನಲ್ಲಿ
ಅಭ್ಯಾಸ ಮಾಡಿದ್ದು ಅದನ್ನೇ ಅಲ್ಲವೆ.

ಆಮೇಲೆ ವಿನೋದಿನಿ.
ಕಾಲಿಗೆ ಬಿದ್ದು, ಸ್ವಲ್ಪ ತಡೆದುಕೋ, ತೀರಿಸುತ್ತೇನೆ ಅನ್ನುವ ಸಾಲು.
ಪುಟದ ಮೇಲೆ ಬೆರಳಿಟ್ಟಳು, ತೆಗೆದಳು.
ಕೆಳಗೆ ಯಾರೋ ಗಿರಣಿಯ ಷಟರ್ ಎಳೆದರು.
ಓದಿದಳು, ಕೊನೆಯ ಪದವೊಂದನ್ನು ಬಿಟ್ಟು.
ಅದನ್ನು ಲೇಯಮ್ಮ ಹೇಳಿದಳು,
ಬಾಯಿಪಾಠದಿಂದ, ಕಣ್ಣು ಮುಚ್ಚಿಕೊಂಡೇ.

ಚರ್ಚೆ ನಡೆಯಿತು. ತಲಾಂತು ಅಂದರೆ ಈಗಿನ ಎಷ್ಟು?
ಜ್ಞಾನಮಿತ್ರ ಗುಣಿಸಿದ, ಸೊನ್ನೆಗಳು ಫೋನಿನ ಪರದೆ ಮೀರಿದವು.
"ಆದ್ರೆ ಟೀಚರೇ, ಆ ಇನ್ನೊಬ್ಬನದು ನೂರು ದಿನದ ಕೂಲಿ,
ಅದೇನು ಪುಡಿಗಾಸಲ್ಲ" ಅಂದ ನೆಹೆಮೀಯ,
"ನನ್ನ ಲೆಕ್ಕದಲ್ಲಿ ಮೂರು ತಿಂಗಳ ಮೇಲೆ ಹತ್ತು ದಿನ."
ಟೀಚರ ಬಳಿ ಉತ್ತರವಿರಲಿಲ್ಲ.
ಶುಂಠಿ ಕಾಫಿ ಬಂತು.

ಡಬಲ್ ರೋಡಿನ ನಿಲ್ದಾಣದವರೆಗೆ ಇಬ್ಬರದೂ ಒಂದೇ ದಾರಿ.
ಆರು ತಿಂಗಳಿಂದ ನಾನು ಹತ್ತು ಹೆಜ್ಜೆ ಮುಂದೆ.
ಅಂದು ಚಪ್ಪಲಿಯ ಉಂಗುಷ್ಟ ಕಿತ್ತು ನಿಂತೆ,
ಅವಳು ಬಂದು ಸೇರಿದಳು, ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು.
"ಮುಂದಿನ ತಿಂಗಳು ಎರಡು ಸಾವಿರ" ಅಂದಳು, ರಸ್ತೆ ನೋಡುತ್ತ.
ನಾನು ಹೂಂ ಅನ್ನಲಿಲ್ಲ,
ಊಹೂಂ ಅಂತಲೂ ಅನ್ನಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಎರಡು ಗುಲಾಬಿ ಚೀಟಿ ಹರಿದು
ಒಂದೇ ಕೈಗೆ, ನನ್ನ ಕೈಗೆ, ಕೊಟ್ಟ.
ಹೆಂಗಸರು ಇಬ್ಬರು, ಬೆಲೆ ಸೊನ್ನೆ.
ಒಂದನ್ನು ಅವಳಿಗೆ ಕೊಟ್ಟೆ, ಒಂದನ್ನು ಆ ಪುಟದಲ್ಲಿಟ್ಟೆ.
ಸಾಲ ಹಾಗೇ ಇದೆ. ಬಳೆ ಇನ್ನೂ ಸೇಟು ಅಂಗಡಿಯಲ್ಲಿ.
ಮುಂದಿನ ವಾರದ ವಚನಗಳನ್ನು ಅಲ್ಲೇ ಎಣಿಸತೊಡಗಿದೆ,
ಎರಡು ಸಲ ತಪ್ಪಿತು,
ನೆಹೆಮೀಯನ ಬದಲಿ ಆಳು
ಎಷ್ಟು ಹೊತ್ತಿಗೆ ಬರುತ್ತಾನೋ.